ಕಾಗದದ ಹಣ್ಣಿನ ಲಕ್ಕಮ್ಮ

ಚಾಮರಾಜಪೇಟೆಯ ಆ ವಠಾರದಲ್ಲಿ ಲಕ್ಕಮ್ಮನ ಮನೆಯಿಂದ ಎರಡು ಬಗೆಯ ಸದ್ದು ಬರುತ್ತಿತ್ತು. ಒಂದು ಅವಳು ಕಾಗದ ಕುಟ್ಟುವ ಸದ್ದು, ಇನ್ನೊಂದು ಅವಳ ಗಂಡ ಮಾಯಣ್ಣ ಅವಳನ್ನು ಕುಟ್ಟುವ ಸದ್ದು. ಗೋಡೆಯಾಚೆ ಮನೆಯ ತುಳಸಮ್ಮನಿಗೆ ಒಲೆ ಮುಂದೆ ಕೂತಲ್ಲಿಂದಲೇ ಯಾವುದು ಯಾವುದೆಂದು ತಿಳಿಯುತ್ತಿತ್ತು. ಒನಕೆಗೆ ಒಂದು ಲಯವಿತ್ತು. ಮಾಯಣ್ಣನ ಕೈಗೆ ಲಯವಿರಲಿಲ್ಲ. ಒಂದು ಏಟು ಬಿದ್ದು, ಇನ್ನು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬೀಳುತ್ತಿತ್ತು.

ಅದು ಯುದ್ಧದ ಕಾಲ. ಅಕ್ಕಿಗೆ ರೇಷನ್, ಸೀಮೆಎಣ್ಣೆಗೆ ಸಾಲು. ಗೌರಿ ಹಬ್ಬಕ್ಕೆ ಬಸವನಗುಡಿಯ ದೊಡ್ಡ ಮನೆಗಳಲ್ಲಿ ದೇವಿಯ ತಲೆಯ ಮೇಲೆ ಮರದ ಚೌಕಟ್ಟು ಇಳಿಬಿಟ್ಟು, ಅದರ ತುಂಬ ಹಣ್ಣು, ಕಾಯಿ, ಜೋಳದ ತೆನೆ ಕಟ್ಟುವ ಪದ್ಧತಿ. ಅದಕ್ಕೆ ಫಲವಳಿಗೆ ಅನ್ನುತ್ತಾರೆ. ಹಣ್ಣು ತುಟ್ಟಿಯಾದ ಮೇಲೆ ಆ ಮನೆಯವರು ಶಾಸ್ತ್ರಕ್ಕೆ ನಾಲ್ಕು ನಿಜವಾದ ಹಣ್ಣು ಕಟ್ಟಿ, ಉಳಿದ ಜಾಗಕ್ಕೆಲ್ಲ ಲಕ್ಕಮ್ಮನ ಕಾಗದದ ಹಣ್ಣು ತೂಗುಬಿಡುತ್ತಿದ್ದರು. ದೂರದಿಂದ ನೋಡಿದರೆ ನೊಣವೂ ಮೋಸ ಹೋಗಬೇಕು, ಹಾಗಿರುತ್ತಿದ್ದವು.

ಹಳೇ ಪೇಪರನ್ನು ಬಾನಿಯಲ್ಲಿ ನೆನೆಹಾಕಿ, ಮೆಂತ್ಯ ಸೇರಿಸಿ, ಒರಳಿನಲ್ಲಿ ನುಣ್ಣಗೆ ಕುಟ್ಟುವಳು. ನಿಜವಾದ ಹಣ್ಣಿಗೆ ಹರಳೆಣ್ಣೆ ಸವರಿ, ಅದರ ಮೈಗೆ ಆ ಹಿಟ್ಟು ಬಳಿದು ಒಣಗಿಸುವಳು. ಒಣಗಿದ ಮೇಲೆ ನಡುವಿಗೆ ಬ್ಲೇಡು ಹಾಕಿ, ಒಳಗಿನ ಹಣ್ಣು ತೆಗೆದು, ಎರಡು ಹೋಳನ್ನೂ ಹುಣಸೆಬೀಜದ ಅಂಟಿನಿಂದ ಕೂಡಿಸುವಳು. ಆಮೇಲೆ ಸುಣ್ಣ, ಆಮೇಲೆ ಬಣ್ಣ. ಮಾವು, ಸೀಬೆ, ದಾಳಿಂಬೆಗೆಲ್ಲ ಇಷ್ಟು ಸಾಕು. ಸೀತಾಫಲಕ್ಕೆ ಮಾತ್ರ ಸಾಲದು. ಅದರ ಒಂದೊಂದು ಕಣ್ಣನ್ನೂ ಬೇರೆಯಾಗಿ ಉಂಡೆ ಕಟ್ಟಿ, ಕೆಳಗಿನಿಂದ ಮೇಲಕ್ಕೆ ಸುತ್ತುಸುತ್ತಾಗಿ ಅಂಟಿಸಬೇಕು. ಮಳೆಗಾಲದಲ್ಲಿ ಬಿಸಿಲು ಕಾಣದೆ, ಒಲೆಯ ಸುತ್ತ ಹಣ್ಣುಗಳನ್ನಿಟ್ಟು ತಿರುಗಿಸುತ್ತಾ ಕೂರುವಳು, ಹಸಿ ಬಾಣಂತಿ ಮಗುವನ್ನು ಕಾಯಿಸುವ ಹಾಗೆ.

ಈ ಕೆಲಸ ಕಲಿಸಿದವಳು ಅಕ್ಕಿಪೇಟೆಯ ಗುರುಬಸಮ್ಮ. ಕೈಯಲ್ಲಿ ಕಾಗದ ಹಣ್ಣಾಗುತ್ತಿತ್ತು ಅನ್ನುವಂಥ ಹೆಂಗಸು. ಅವಳ ಗಂಡ ಕಾಲರಾದಲ್ಲಿ ಹೋದ. ಅದೇ ವರ್ಷ ಬಸವನಗುಡಿಯ ಒಂದು ಮನೆಯೂ ಅವಳನ್ನು ಕರೆಯಲಿಲ್ಲ. ಗೌರಿಯ ತಲೆಯ ಮೇಲೆ ತೂಗುವುದು ಮುತ್ತೈದೆಯ ಕೈಯದಾಗಿರಬೇಕು, ವಿಧವೆಯ ಕೈಯದಲ್ಲ. ಯಾರೂ ಅವಳಿಗೆ ಬೈಯಲಿಲ್ಲ, ಬಾಗಿಲಿನಿಂದಾಚೆ ಕುಡಿಯಲು ನೀರು ಕೊಟ್ಟು ಕಳಿಸಿದರು, ಅಷ್ಟೆ. ಗುರುಬಸಮ್ಮ ಮಂಡಿಯವರ ಮನೆಗಳಲ್ಲಿ ಮೆಣಸಿನಪುಡಿ ಕುಟ್ಟುತ್ತಾ ಕೆಮ್ಮಿ ಕೆಮ್ಮಿ ಸತ್ತಳು. ಅವಳ ಬಾಯಿಗೆ ಕೊನೆಯ ನೀರು ಬಿಟ್ಟವಳು ಲಕ್ಕಮ್ಮ. ಹಾಗಾಗಿ ತನ್ನ ಹಣೆಯ ಕುಂಕುಮ ತನ್ನ ಬದುಕಿಗೆ ಏನೆಂಬುದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಕ್ಕಳಿಲ್ಲ, ತವರಿನಲ್ಲಿ ಗೇಣು ಹೊಲವಿಲ್ಲ. ಗಂಡ ಬದುಕಿರುವಷ್ಟು ದಿನ ಕೈಗೆ ಕೆಲಸ.

ಆ ಗಂಡನೋ, ಅಕ್ಕಿಪೇಟೆಯ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ. ಬಾಗಿಲಿಗೆ ಅಡ್ಡ ನಿಂತರೆ ಮನೆಯೊಳಗೆ ಕತ್ತಲಾಗುವಂಥ ಆಳು. ದುಡಿದದ್ದರಲ್ಲಿ ಅರ್ಧ ಹೆಂಡದಂಗಡಿಗೆ ಕೊಟ್ಟು, ಉಳಿದರ್ಧದ ಸಿಟ್ಟನ್ನು ಮನೆಗೆ ತರುತ್ತಿದ್ದ. ಸಾರು ತಣ್ಣಗಿದ್ದರೆ ಏಟು, ಬಿಸಿಯಿದ್ದರೆ ಅದೇ ಸಾರು ಅವಳ ಮೈಮೇಲೆ. ಮುಂಗೈ ತಿರುವಿ ಗೋಡೆಗೆ ಒತ್ತಿ ಹಿಡಿದು, ಅವಳು ಕೂಗುವ ತನಕ ಬಿಡುತ್ತಿರಲಿಲ್ಲ. ಲಕ್ಕಮ್ಮ ಏಟು ತಿನ್ನುವಾಗ ಕೈಗಳನ್ನು ಮೈಯಡಿಗೆ ಮಡಚಿಕೊಂಡು ಮುದುಡುತ್ತಿದ್ದಳು. ಬೆನ್ನು ಅವನಿಗೆ, ಕೈ ತನಗೆ.

ಮಂಡಿಯ ಆಳುಗಳು ಮಾಯಣ್ಣನಿಗೆ ಹಣ್ಣಮ್ಮನ ಗಂಡ ಅಂತ ಹೆಸರಿಟ್ಟಿದ್ದರು. ಯಾವನೋ ಒಬ್ಬ, ಅವಳು ರಾಶಿ ಹಣ್ಣು ಬಿಡ್ತಾಳೆ, ಒಂದಕ್ಕೂ ಬೀಜ ಇಲ್ಲವಲ್ಲೋ ಅಂದ. ಎಲ್ಲರೂ ನಕ್ಕರು. ಮಾಯಣ್ಣನೂ ಅವರ ಜೊತೆ ನಕ್ಕ. ನಗುತ್ತಲೇ ಮನೆಗೆ ಬಂದು, ಹಬ್ಬಕ್ಕೆಂದು ಚಾಪೆಯ ಮೇಲೆ ಒಣಗಲು ಇಟ್ಟಿದ್ದ ಹಣ್ಣುಗಳ ಮೇಲೆ ಕಾಲಿಟ್ಟ. ಒಂದೊಂದನ್ನೂ ಹಿಮ್ಮಡಿಯಲ್ಲಿ ತುಳಿದ. ಟೊಳ್ಳು ಹಣ್ಣುಗಳು, ಮೊಟ್ಟೆಯೊಡೆದ ಹಾಗೆ ಸದ್ದು ಮಾಡಿದವು. ಲಕ್ಕಮ್ಮ ಉಳಿದ ಸೀತಾಫಲಗಳನ್ನಾದರೂ ತಪ್ಪಿಸೋಣವೆಂದು ಕೈ ಚಾಚಿದಳು. ಅದೊಂದು ಸಲ ಕೈ ಮಡಚಲು ಮರೆತಳು. ಮಾಯಣ್ಣ ಮೂಲೆಯ ಒನಕೆ ತೆಗೆದುಕೊಂಡು, ಹಣ್ಣಿನ ಮೇಲಿದ್ದ ಆ ಎಡಗೈ ಮೇಲೆ ನೇರವಾಗಿ ಇಳಿಸಿದ. ಎರಡು ಬೆರಳು ಹಣ್ಣಿನ ಜೊತೆಯಲ್ಲೇ ಜಜ್ಜಿಹೋದವು.

ತುಳಸಮ್ಮ ಬಂದು ಅರಿಸಿನ, ಸುಣ್ಣ ಮೆತ್ತಿ ಬಟ್ಟೆ ಕಟ್ಟಿದಳು. ಮಾಯಣ್ಣ ಅಷ್ಟು ಹೊತ್ತಿಗೆ ಮಂಡಿಗೆ ಹೋಗಿಯಾಗಿತ್ತು.

ಲಕ್ಕಮ್ಮನ ಅಣ್ಣ ದೊಡ್ಡಬೈರಪ್ಪ ಮಾಗಡಿ ಕಡೆಯವನು. ಗೌರಿ ಹಬ್ಬದ ಮುಂಚೆ ತಂಗಿಗೆ ತವರಿನ ಬಾಗಿನ ತಂದುಕೊಡುವುದನ್ನು ಯಾವ ವರ್ಷವೂ ತಪ್ಪಿಸಿದವನಲ್ಲ. ಆ ವರ್ಷ ಮೊರದಲ್ಲಿ ಬಳೆ, ಅರಿಸಿನ, ಬೆಲ್ಲ ಇಟ್ಟುಕೊಂಡು ಬಂದಾಗ ನೆಲದ ತುಂಬ ಹಣ್ಣಿನ ಚೂರು, ತಂಗಿಯ ಕೈಗೆ ರಕ್ತದ ಬಟ್ಟೆ. ಮೊರವನ್ನು ಹೊಸಿಲ ಮೇಲಿಟ್ಟ. ಪಂಚೆಯನ್ನು ಎತ್ತಿ ಕಟ್ಟಿದ. ಅಕ್ಕಿಪೇಟೆಯ ದಾರಿ ಹಿಡಿದ.

ಲಕ್ಕಮ್ಮ ಹಿಂದೆಯೇ ಓಡಿದಳು. ರಸ್ತೆಯಲ್ಲಿ ಅವನ ಹೆಗಲ ಬಟ್ಟೆ ಹಿಡಿದು ಜಗ್ಗಿದಳು.

"ಬ್ಯಾಡ ಕಣಣ್ಣ. ಅವನಿಗೇನಾರ ಆದ್ರೆ ನನ್ನ ಕತ್ತು ಕುಯ್ದಂಗೆ."

"ಕೈ ಜಜ್ಜವ್ನೆ. ನಾಳೆ ಕತ್ತೂ ಅವನೇ ಕುಯ್ತಾನೆ. ಬುಡು ಲಕ್ಕಿ."

"ಜಜ್ಜಿದ್ದು ಕೂಡ್ಕೊಳ್ತದೆ. ಕುಂಕುಮ ಹೋದ್ರೆ ಯಾವ ಮನೇನೂ ಬಾಗ್ಲು ತೆಗಿಯಾಕಿಲ್ಲ. ಗುರುಬಸಮ್ಮ ಏನಾದ್ಲು ಅಂತ ನೀನೇ ನೋಡಿಲ್ವಾ."

ದೊಡ್ಡಬೈರಪ್ಪ ಹಳ್ಳಿಯವನು. ಇಂಥ ಗಂಡ ಇದ್ದರೇನು, ಹೋದರೇನು, ನಮ್ಮ ಮನೆಗೆ ಬಂದು ರಾಗಿ ಬೀಸಿಕೊಂಡಿರು ಅನ್ನುವುದು ಅವನ ಲೆಕ್ಕ. ತಂಗಿ ಹೆದರಿ ಹೀಗೆ ಮಾತಾಡುತ್ತಿದ್ದಾಳೆ ಅಂದುಕೊಂಡ. ಬಟ್ಟೆಯನ್ನು ಅವಳ ಕೈಗೇ ಬಿಟ್ಟು ನಡೆದ.

ಮಂಡಿಯೊಳಗೆ ಮೂಟೆಗಳನ್ನು ಸೂರಿನ ತನಕ ಪೇರಿಸಿದ್ದರು. ಮಾಯಣ್ಣ ಬೆನ್ನು ಹಾಕಿ ನಿಂತಿದ್ದ. ಬಾವ ಬಂದ ಅಂತ ಯಾರೋ ಅಂದದ್ದಕ್ಕೆ ತಿರುಗಿದವನ ಮೂಗಿಗೇ ಮೊದಲ ಗುದ್ದು ಬಿತ್ತು. ಅವನು ಕದಲಲಿಲ್ಲ. ದೊಡ್ಡಬೈರಪ್ಪನನ್ನು ಸೊಂಟಕ್ಕೆ ಕೈ ಹಾಕಿ ಎತ್ತಿ, ಮೂಟೆ ಒಗೆದ ಹಾಗೆ ತಕ್ಕಡಿಯ ಮೇಲೆ ಒಗೆದ. ತಕ್ಕಡಿಯ ಕಬ್ಬಿಣ ತಾಗಿ ತಲೆಯೊಡೆಯಿತು. ಬಿದ್ದಲ್ಲೇ ಮಾಯಣ್ಣ ಅವನ ಪಕ್ಕೆಗೆ ಒದೆಯತೊಡಗಿದ. ಆಳುಗಳು ಬಿಡಿಸಲು ಬರಲಿಲ್ಲ. ಒಬ್ಬ ಶಿಳ್ಳೆ ಹಾಕಿದ. ಕಣ್ಣಿಗೆ ರಕ್ತ ಇಳಿದಿದ್ದ ದೊಡ್ಡಬೈರಪ್ಪನ ಕೈಗೆ ತಡಕಾಡಿದಾಗ ಸಿಕ್ಕಿದ್ದು ಗೋಣಿ ಎಳೆಯುವ ಕಬ್ಬಿಣದ ಕೊಕ್ಕೆ. ಅದನ್ನು ಹಿಡಿದು ಎದ್ದ. ಆಗ ಶಿಳ್ಳೆ ನಿಂತಿತು.

ಕೊಕ್ಕೆ ಬೀಸಿದ್ದು ಮಾಯಣ್ಣನ ಗಂಟಲಿಗೆ. ಅಡ್ಡ ಬಂದವಳು, ಅಣ್ಣನ ಹಿಂದೆಯೇ ಓಡಿಬಂದಿದ್ದ ಲಕ್ಕಮ್ಮ. ಬಲಗೈಯಿಂದ ಗಂಡನ ಎದೆಯನ್ನು ಮೈಯ ಬಲವನ್ನೆಲ್ಲ ಹಾಕಿ ತಳ್ಳಿದಳು. ಕೊಕ್ಕೆಯ ಮೊನೆ ಅವಳ ತೋಳನ್ನು ಹೆಗಲಿನಿಂದ ಮೊಣಕೈ ತನಕ ಸೀಳಿಕೊಂಡು ಇಳಿಯಿತು. ಮಾಯಣ್ಣ ಹಿಂದಕ್ಕೆ ಮುಗ್ಗರಿಸಿ ಮೂಟೆಯ ಸಾಲಿಗೆ ಬೆನ್ನು ಬಡಿದ. ಮೊದಲು ಮೇಲಿನ ಒಂದು ಮೂಟೆ ಜಾರಿತು, ಅದರ ಹಿಂದೆ ಸಾಲಿಗೆ ಸಾಲೇ. ಧೂಳು ಇಳಿದ ಮೇಲೆ ನೋಡಿದರೆ ಅವನು ಸೊಂಟದ ತನಕ ಅಕ್ಕಿಯಡಿಯಲ್ಲಿದ್ದ. ಕೂಗುತ್ತಲೂ ಇರಲಿಲ್ಲ.

ದೊಡ್ಡಾಸ್ಪತ್ರೆಯವರು ಜೀವ ಉಳಿಸಿದರು. ಸೊಂಟದಿಂದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ಪೋಲೀಸಿನವರು ಕೇಳಿದಾಗ ಮಂಡಿಯವರು ಮೂಟೆ ಜಾರಿತು ಅಂದರು. ಅದು ನಿಜವೇ ಆಗಿತ್ತು. ದೊಡ್ಡಬೈರಪ್ಪ ಆಮೇಲೆ ಹೊಸಿಲು ತುಳಿಯಲಿಲ್ಲ. ವರ್ಷ ವರ್ಷ ಬಾಗಿನದ ಮೊರ ಬಾಗಿಲಲ್ಲಿಟ್ಟು, ತುಳಸಮ್ಮನಿಗೆ ಹೇಳಿ ಹೋಗುತ್ತಿದ್ದ.

ಲಕ್ಕಮ್ಮನ ಎಡಗೈಯ ಎರಡು ಬೆರಳು ಒಳಕ್ಕೆ ಮಡಚಿಕೊಂಡೇ ನಿಂತವು. ಆ ಮಡಿಕೆಯೊಳಗೆ ಹಣ್ಣನ್ನು ಸಿಕ್ಕಿಸಿಕೊಂಡು ಬಲಗೈಯಲ್ಲಿ ಹಿಟ್ಟು ಬಳಿಯುವುದನ್ನು ಅಭ್ಯಾಸ ಮಾಡಿದಳು. ಒಂದೇ ಕೋಣೆಯ ಮನೆ. ಗೋಡೆಯ ಕಡೆ ಮಾಯಣ್ಣನ ಮಂಚ, ಒಲೆಯ ಕಡೆ ಹಣ್ಣು. ಅವನ ಕೈಗಳು ಮೊದಲಿನ ಹಾಗೆಯೇ ಇದ್ದವು. ಕೈಗೆಟುಕಿದ್ದನ್ನೆಲ್ಲ ಎಸೆಯುತ್ತಿದ್ದ. ಒಂದು ಸಲ ಹಿತ್ತಾಳೆ ಚೊಂಬು ಬಂದು ಅವಳ ಹುಬ್ಬು ಸೀಳಿತು. ತಿರುವಿ ಮಲಗಿಸಲು ಹೋದರೆ ಜುಟ್ಟು ಹಿಡಿದು ಮಂಚದ ಪಟ್ಟಿಗೆ ಹಣೆ ಜಜ್ಜುತ್ತಿದ್ದ. ಕೊಕ್ಕೆಯಿಂದ ಸತ್ತಿದ್ದರೆ ಗಂಡಸಿನ ಹಾಗೆ ಸಾಯುತ್ತಿದ್ದೆ, ನೀನು ತಳ್ಳಿ ನನ್ನನ್ನು ಹುಳ ಮಾಡಿದೆ, ಅನ್ನುವುದು ಅವನ ದಿನದ ಮಂತ್ರ.

ಹಾಗಿದ್ದೂ ಅವಳು ಅವನ ಮೈ ಒರೆಸಿದಳು, ಬೆನ್ನಿನ ಹುಣ್ಣಿಗೆ ಬೇವಿನೆಣ್ಣೆ ಹಚ್ಚಿದಳು, ಗಂಜಿ ಕುಡಿಸಿದಳು. ಊರು ಅದನ್ನು ಬೇರೆ ಥರ ನೋಡಿತು. ಬಸವನಗುಡಿಯ ತ್ರಿಪುರಸುಂದರಮ್ಮನವರ ಮನೆಯಲ್ಲಿ ಹಬ್ಬದ ಹಣ್ಣು ಒಪ್ಪಿಸಲು ಹೋದರೆ, ಆಕೆ ತಾವೇ ಎದ್ದು ಬಂದು ಕುಂಕುಮವಿಟ್ಟು, ಇಂಥ ಪತಿವ್ರತೆಯ ಕೈಯ ಫಲ ನಮ್ಮ ಗೌರಿಗೆ ಸಿಗುವುದು ನಮ್ಮ ಪುಣ್ಯ ಅನ್ನುತ್ತಿದ್ದರು. ಆಕೆಯ ಮಾತು ಕೇಳಿ ಆ ಬೀದಿಯ ಮನೆಗಳೆಲ್ಲ ಲಕ್ಕಮ್ಮನನ್ನೇ ಕರೆದವು. ಅವಳು ತಲೆ ತಗ್ಗಿಸಿ ಕುಂಕುಮ ಇಡಿಸಿಕೊಂಡು ಬರುತ್ತಿದ್ದಳು.

ಸ್ವಾತಂತ್ರ್ಯ ಬಂದ ಮೇಲೆ ಒಂದು ಮಳೆಗಾಲದಲ್ಲಿ ಮಾಯಣ್ಣನಿಗೆ ವಿಷಮಜ್ವರ ಬಂತು. ಲಕ್ಕಮ್ಮ ಡಾಕ್ಟರ ಕಾಲು ಹಿಡಿದಳು, ಅಣ್ಣಮ್ಮ ದೇವಿಗೆ ಹರಕೆ ಹೊತ್ತಳು, ಮಂಚದ ಕಾಲಿಗೆ ತಲೆಯಾನಿಸಿ ಅತ್ತಳು. ಜ್ವರ ಬಿಟ್ಟು ಕಣ್ಣು ತೆರೆದ ಮಾಯಣ್ಣ ಅವಳ ಮುಖವನ್ನು ತುಂಬ ಹೊತ್ತು ನೋಡಿದ. ಅದು ಪ್ರೀತಿಯ ಅಳುವಲ್ಲ ಅಂತ ಅವನಿಗೆ ಗೊತ್ತಾಯಿತು. ಇಷ್ಟು ವರ್ಷ ಹುಡುಕುತ್ತಿದ್ದ ದೊಣ್ಣೆ ಅವನಿಗೆ ಆ ಹೊತ್ತು ಸಿಕ್ಕಿತು.

ಮರುವರ್ಷ ಶ್ರಾವಣ ಹುಟ್ಟುತ್ತಲೇ, ಫಲವಳಿಗೆಯ ಕೆಲಸ ಶುರುವಾಗುವ ಹೊತ್ತಿಗೆ ಸರಿಯಾಗಿ, ಅವನು ಊಟ ಬಿಟ್ಟ.

ಮೊದಲು ಅವಳು ಬೇಡಿದಳು. ಮುದ್ದೆ ಬೇಡವೆಂದರೆ ಅನ್ನ ಕಲಸಿದಳು, ಅನ್ನ ಬೇಡವೆಂದರೆ ಹಾಲು ತಂದಳು. ಹಾಲನ್ನು ಅವಳ ಮುಖಕ್ಕೇ ಉಗಿದ. ದಿನ ಕಳೆದ ಹಾಗೆ ಅವನ ಕೆನ್ನೆ ಒಳಕ್ಕೆ ಹೋದವು, ಕಣ್ಣು ಮಾತ್ರ ಹೊಳೆಯುತ್ತಿದ್ದವು. ಅವಳು ಹಣ್ಣು ಬಿಟ್ಟು ಅವನ ಬಾಯಿಯ ಹಿಂದೆ ಬಿದ್ದಳು. ಮೂಗು ಹಿಡಿದು, ಉಸಿರಿಗೆ ಬಾಯಿ ತೆರೆದಾಗ ಗಂಜಿ ಸುರಿದಳು. ಅವನು ಅವಳ ಬೆರಳು ಕಚ್ಚಿದ, ಎಲುಬು ಸಿಗುವ ತನಕ. ಅವಳು ಹಿತ್ತಾಳೆ ಸೌಟನ್ನು ಹಲ್ಲುಗಳ ನಡುವೆ ತೂರಿಸಿ ಮೀಟಿದಳು. ಮುಂದಿನ ಹಲ್ಲೊಂದು ಮುರಿದು ಗಂಜಿಯ ಜೊತೆ ಈಚೆ ಬಂತು. ಎದೆಯ ಮೇಲೆ ಮೊಣಕಾಲೂರಿ, ನುಂಗು, ನುಂಗು ಅಂತ ಕೆನ್ನೆಗೆ ಬಾರಿಸಿದಳು. ಗೋಡೆಯಾಚೆ ತುಳಸಮ್ಮ ಕಿವಿಗೊಟ್ಟಳು. ಮತ್ತದೇ ಲಯವಿಲ್ಲದ ಸದ್ದು. ಮಂಚ ಬಿಟ್ಟು ಏಳದ ಗಂಡಸು ಇಷ್ಟು ಜೋರಾಗಿ ಹೇಗೆ ಹೊಡೆದಾನು ಅಂತ ಕಿಟಕಿಯಿಂದ ಇಣುಕಿದಳು. ಈ ಸಲ ಕೈ ಎತ್ತಿದ್ದವಳು ಲಕ್ಕಮ್ಮ. ತುಳಸಮ್ಮ ಸದ್ದಿಲ್ಲದೆ ಹಿಂದೆ ಸರಿದಳು.

ಮಾಯಣ್ಣ ರಕ್ತದ ಬಾಯಲ್ಲೇ ನಕ್ಕ.

"ಹೊಡಿ ಹಣ್ಣಮ್ಮ. ನನ್ ಹೆಣ ಎತ್ತಿದ್ ದಿನ ನಿನ್ ಹಣ್ಣಿನ್ ಹೆಣಾನೂ ಎತ್ತಾರೆ. ಸಾಯೋದನ್ನ ಹಬ್ಬದ ಹಿಂದಿನ್ ದಿನಕ್ಕೆ ಇಟ್ಕೊಂಡಿವ್ನಿ."

ಲಕ್ಕಮ್ಮ ಎತ್ತಿದ ಕೈಯನ್ನು ಹಾಗೇ ನೋಡಿದಳು. ಅಂಗೈ ಕೆಂಪಾಗಿತ್ತು, ಬಳೆಗಳ ಮೇಲೆ ಅವನ ಎಂಜಲು, ರಕ್ತ. ಇಷ್ಟು ವರ್ಷ ಮೈಯಡಿ ಮುಚ್ಚಿಟ್ಟು ಕಾಪಾಡಿದ ಕೈ ಇದೇ. ಈಗ ಅವನ ಕೈಯ ಕೆಲಸ ಮಾಡುತ್ತಿದೆ. ಹಬ್ಬದ ಕೆಲಸ ಒಂದೂ ಮುಂದೆ ಸಾಗಿಲ್ಲ. ಒಲೆಯ ಹತ್ತಿರ ಸೀತಾಫಲದ ಕಣ್ಣುಗಳು ಉಂಡೆಯಾಗಿಯೇ ಒಣಗಿ ಬಿರಿದಿದ್ದವು.

ಅವಳು ಅವನ ಎದೆಯ ಮೇಲಿಂದ ಇಳಿದಳು. ಒರಳಿನ ಹತ್ತಿರ ಹೋಗಿ, ಬಲಗೈಯನ್ನು ಎತ್ತಿ ಕಲ್ಲಿನ ಅಂಚಿಗೆ ಬಡಿದಳು. ಬಳೆಗಳು ಚೂರಾದವು. ಮಡಚಿದ ಬೆರಳುಗಳ ಎಡಗೈಯನ್ನೂ ಬಡಿದಳು. ಚೂರು ಚುಚ್ಚಿ ಮುಂಗೈಯಿಂದ ರಕ್ತ ಒರಳಿನೊಳಗೆ ತೊಟ್ಟಿಕ್ಕಿತು. ಸೆರಗಿನಿಂದ ಹಣೆ ಒರೆಸಿದಳು. ತಾಳಿಯನ್ನು ಬಿಚ್ಚುವ ಗೋಜಿಗೆ ಹೋಗಲಿಲ್ಲ, ಹಣ್ಣು ಕೊಯ್ಯುವ ಬ್ಲೇಡಿನಿಂದ ದಾರವನ್ನೇ ಕತ್ತರಿಸಿದಳು. ಮಾಯಣ್ಣನ ಅಂಗೈ ಬಿಡಿಸಿ ಅದರೊಳಗಿಟ್ಟು ಬೆರಳು ಮಡಚಿದಳು.

"ತಗೋ. ಇನ್ ನೀನು ಇದ್ರೂ ಅಷ್ಟೆ, ಸತ್ರೂ ಅಷ್ಟೆ. ಗಂಜಿ ಪಕ್ಕದಲ್ಲೈತೆ. ಬೇಕಾದ್ರೆ ಕುಡಿ."

ಬಳೆ ಒಡೆದ ಸದ್ದು ಕೇಳಿ ಮಾಯಣ್ಣ ಹೋಗಿಬಿಟ್ಟನೆಂದು ತಿಳಿದು ತುಳಸಮ್ಮ ಎದೆ ಬಡಿದುಕೊಂಡು ಓಡಿಬಂದಳು. ಅವಳ ಹಿಂದೆ ವಠಾರವೇ ಬಂತು. ಮುಂದೆ ಬಂದವರು ಹೊಸಿಲಲ್ಲೇ ನಿಂತರು. ಮಂಚದ ಮೇಲೆ ಮಾಯಣ್ಣ ಒಂದು ಕೈಯಲ್ಲಿ ತಾಳಿ ಹಿಡಿದು, ಇನ್ನೊಂದು ಕೈಯಲ್ಲಿ ಬಟ್ಟಲೆತ್ತಿ ಗಂಜಿ ಕುಡಿಯುತ್ತಿದ್ದ. ತುಳಸಮ್ಮನ ಅಳು ಅರ್ಧದಲ್ಲಿ ನಿಂತು ಬಿಕ್ಕಳಿಕೆಯಾಯಿತು.

ಗಂಡ ಬದುಕಿರುವಾಗಲೇ ಬಳೆ ಒಡೆದುಕೊಂಡವಳನ್ನು ಏನೆಂದು ಕರೆಯಬೇಕೆಂದು ಚಾಮರಾಜಪೇಟೆಗೆ ತಿಳಿಯಲಿಲ್ಲ. ರಾಕ್ಷಸಿ ಅಂದವರಿದ್ದರು, ಹುಚ್ಚಿ ಅಂದವರಿದ್ದರು. ನಲ್ಲಿಯ ಹತ್ತಿರ ಒಬ್ಬಳು ಅವಳ ಕೊಡಕ್ಕೆ ಉಗುಳಿದಳು. ಲಕ್ಕಮ್ಮ ಕೊಡ ತೊಳೆದು ನೀರು ಹಿಡಿದಳು. ಆ ವರ್ಷ ಅಡ್ಡಿಯಿಲ್ಲದೆ ಕೆಲಸ ಮಾಡಿ ಫಲವಳಿಗೆಗೆ ಹಣ್ಣು ಮುಗಿಸಿದಳು. ಬುಟ್ಟಿ ಹೊತ್ತು ಬರಿ ಹಣೆಯಲ್ಲೇ ಬಸವನಗುಡಿಗೆ ಹೋದಳು.

ತ್ರಿಪುರಸುಂದರಮ್ಮ ಕುಂಕುಮದ ಬಟ್ಟಲು ಹಿಡಿದು ಈಚೆ ಬಂದವರು ಜಗುಲಿಯಲ್ಲೇ ನಿಂತರು.

"ಅಯ್ಯೋ ಲಕ್ಕಮ್ಮ, ಯಾವಾಗ ಹೋದ್ರು? ನಂಗೆ ಯಾರೂ ಹೇಳ್ಲೇ ಇಲ್ವಲ್ಲೇ."

"ಹೋಗಿಲ್ಲ ಅಮ್ಮಾವ್ರೆ. ಮುದ್ದೆ ತಿಂದು ಮನಗವ್ನೆ."

ಆಕೆ ಬಟ್ಟಲನ್ನು ಕೆಳಗಿಟ್ಟರು. ಬುಟ್ಟಿಯೊಳಗಿನ ಸೀತಾಫಲವನ್ನು ನೋಡಿದರು. ಅಷ್ಟು ಚೆನ್ನಾದದ್ದನ್ನು ಲಕ್ಕಮ್ಮ ಹಿಂದೆಂದೂ ಮಾಡಿರಲಿಲ್ಲ. ಆಸೆ ಆಕೆಯ ಮುಖದಲ್ಲಿ ಕಂಡಿತು. ಹೋಗಲಿ, ಕುಂಕುಮ ಈಗಲೇ ಇಟ್ಟುಕೊಂಡುಬಿಡು, ಬಳೆ ನಾನೇ ತರಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಅಂತ ಮೆಲ್ಲಗೆ ಹೇಳಿದರು. ಲಕ್ಕಮ್ಮನ ಎರಡು ಕೈಯೂ ಬುಟ್ಟಿಯ ಅಂಚಿನಲ್ಲಿದ್ದವು. ಒಂದು ಕೈ ಚಾಚಿದರೆ ಸಾಕಿತ್ತು, ಆ ಬೀದಿಗೆ ಬೀದಿಯೇ ಅವಳದಾಗಿರುತ್ತಿತ್ತು. ಆದರೆ ಮನೆಯಲ್ಲಿ ಮಲಗಿದವನು ಅವಳ ಕೈಯಲ್ಲಿ ಬಳೆ ಕಂಡ ದಿನವೇ ಮತ್ತೆ ಬಾಯಿ ಮುಚ್ಚುತ್ತಾನೆಂದು ಅವಳಿಗೆ ಗೊತ್ತಿತ್ತು. ಬೇಡ ಅಮ್ಮಾವ್ರೆ ಅಂದಳು. ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಆ ಬೀದಿಯ ಯಾವ ಮನೆಯೂ ಆಮೇಲೆ ಅವಳನ್ನು ಕರೆಯಲಿಲ್ಲ.

ಮೂರು ತಿಂಗಳು ಅವಳೂ ಗುರುಬಸಮ್ಮನ ಹಾಗೆ ಮಂಡಿಯವರ ಮನೆಯಲ್ಲಿ ಮೆಣಸಿನಪುಡಿ ಕುಟ್ಟಿದಳು. ಆಗ ಕೋಟೆಯ ಹತ್ತಿರ ಡೇರೆ ಹಾಕಿದ್ದ ಒಂದು ನಾಟಕ ಕಂಪನಿಗೆ ಸಾಮಾನು ಹೊಂದಿಸುವ ಪುಟ್ಟಯ್ಯ, ಅವಳ ಹೆಸರು ಕೇಳಿಕೊಂಡು ವಠಾರಕ್ಕೆ ಬಂದ. ರಾಜರ ಮುಂದಿನ ತಟ್ಟೆಗೆ ಹಣ್ಣು ಬೇಕಾಗಿತ್ತು. ನಿಜವಾದದ್ದಿಟ್ಟರೆ ಸೈನಿಕರ ವೇಷದವರು ಪರದೆಯ ಹಿಂದೆಯೇ ತಿಂದುಬಿಡುತ್ತಿದ್ದರು. ಲಕ್ಕಮ್ಮನ ಹಣೆಯನ್ನು ನೋಡಿ ಪುಟ್ಟಯ್ಯ ಏನೂ ಕೇಳಲಿಲ್ಲ. ಹೊಡೆದಾಟದ ಸೀನಿನಲ್ಲಿ ಎಸೆದಾಡಿದರೆ ಒಡೆಯುತ್ತದೆಯೇ ಅಂತ ಕೇಳಿದ. ಅವಳು ಒಂದು ಚಕ್ಕೋತವನ್ನು ತೆಗೆದು ಗೋಡೆಗೆ ಎಸೆದು ತೋರಿಸಿದಳು. ಪುಟಿದು ಮಂಚದ ಮೇಲೆ ಬಿತ್ತು. ಮಾಯಣ್ಣ ಅದನ್ನು ವಾಪಸು ಎಸೆದ, ತನ್ನ ಹಳೇ ಬಲದಿಂದಲೇ. ಆಗಲೂ ಒಡೆಯಲಿಲ್ಲ. ಪುಟ್ಟಯ್ಯ ಒಪ್ಪಿಕೊಂಡ.

ಮಾಯಣ್ಣ ಇನ್ನೂ ಕೆಲವು ವರ್ಷ ಬದುಕಿದ. ಬೈಯುವುದನ್ನು ಬಿಡಲಿಲ್ಲ, ಊಟವನ್ನೂ ಬಿಡಲಿಲ್ಲ. ಅವಳು ಅವನ ಬೆನ್ನಿಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ಮತ್ತೆ ಎಂದೂ ಕೈಯನ್ನೂ ಎತ್ತಲಿಲ್ಲ. ಒಂದು ಬೇಸಿಗೆಯ ಬೆಳಗ್ಗೆ ರೊಟ್ಟಿಯ ತುತ್ತು ಗಂಟಲಿಗೆ ಸಿಕ್ಕಿ, ನೀರು ತರುವಷ್ಟರಲ್ಲಿ ಹೋದ.

ಹೆಣ ಎತ್ತಿದ ಮೇಲೆ ಹೆಂಗಸರು ಶಾಸ್ತ್ರಕ್ಕೆ ಬಂದರು. ವಠಾರದ ಹಿರಿಯಳೊಬ್ಬಳು ಅಭ್ಯಾಸಬಲದಿಂದ ಕೈಯಲ್ಲಿ ಗುಂಡುಕಲ್ಲು ಹಿಡಿದು, ಕೈ ಕೊಡೇ ಅಂದಳು. ಲಕ್ಕಮ್ಮ ಎರಡು ಕೈಯನ್ನೂ ಮುಂದೆ ಚಾಚಿದಳು. ತೋಳುದ್ದ ಕೊಕ್ಕೆಯ ಗಾಯದ ಗೆರೆ, ಮಡಚಿದ ಎರಡು ಬೆರಳು, ಉಗುರಿನ ಸಂದಿಯಲ್ಲಿ ಹಳದಿ ಬಣ್ಣ. ಕಲ್ಲು ಹಿಡಿದವಳು ಆ ಕೈಗಳನ್ನು ನೋಡಿದಳು, ಕಲ್ಲನ್ನು ನೋಡಿದಳು, ಎಲ್ಲಿಡಬೇಕೆಂದು ತೋಚದೆ ಮಡಿಲಲ್ಲಿಟ್ಟುಕೊಂಡು ಕೂತಳು.

ಸ್ವಲ್ಪ ಹೊತ್ತಿನ ಮೇಲೆ ಲಕ್ಕಮ್ಮ ತುಳಸಮ್ಮನನ್ನು ಹತ್ತಿರ ಕರೆದಳು. ನಿನ್ನೆ ನೆನೆಹಾಕಿದ ಕಾಗದ ಬಿಸಿಲಿಗೆ ನಾರುತ್ತಿರಬೇಕು, ಹೋಗಿ ಬಾನಿಯ ನೀರು ಚೆಲ್ಲಿ ಬೇರೆ ನೀರು ಹಾಕು ಅಂದಳು.